ಚೀಟಿಯಲ್ಲಿ ಬಂದ ಹೆಸರು

ನಾನು ಕಲಬುರಗಿಯಲ್ಲಿ ಆಪ್ತ ಸಮಾಲೋಚಕಿ. ಈ ಭಾಗದ ಒಂದು ಜೈಲಿನ ಸಿಬ್ಬಂದಿಗಾಗಿ ಆಸರೆ ತಂಡ ಕಟ್ಟಿದ್ದೇನೆ. ಒಬ್ಬ ವಾರ್ಡರ್‌ ಕಷ್ಟವನ್ನು ಇನ್ನೊಬ್ಬ ವಾರ್ಡರ್ ಕೂತು ಕೇಳುವುದು, ಬೇಕಾದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವುದು. ಇಷ್ಟೇ ಇದರ ಕೆಲಸ. ಚಿಕಿತ್ಸೆ ಅಲ್ಲ.

ಮೊದಲ ಸಲ ತಂಡಕ್ಕೆ ಬೇಕಾದವರ ಹೆಸರುಗಳನ್ನು ಮೇಲಿನ ಅಧಿಕಾರಿಗಳೇ ಕೊಟ್ಟರು. ನಾನೂ ಒಪ್ಪಿಕೊಂಡೆ, ಅದು ತಪ್ಪಾಯಿತು. ಮೂರು ತಿಂಗಳಾದರೂ ಅವರ ಹತ್ತಿರ ಒಬ್ಬರೂ ಹೋಗಲಿಲ್ಲ. ಎರಡನೇ ಸಲ ಎಲ್ಲರಿಗೂ ಚೀಟಿ ಹಂಚಿದೆ. ‘ಡ್ಯೂಟಿ ಮುಗಿಸಿ ಮನೆಗೆ ಬಂದರೂ ರಾತ್ರಿ ಎರಡರ ತನಕ ನಿದ್ದೆ ಬರದಿದ್ದರೆ, ಇಲ್ಲಿ ಯಾರಿಗೆ ಫೋನ್ ಮಾಡುತ್ತೀರಿ?’ ಒಂದೇ ಹೆಸರು, ಸಹಿ ಬೇಡ. ಸಭೆಯಲ್ಲಿ ಬಾಯಿಯೇ ಬಿಡದ ಒಬ್ಬ ಹೆಡ್ ವಾರ್ಡರ್ ಹೆಸರು ಮತ್ತೆ ಮತ್ತೆ ಬಂತು.

ತರಬೇತಿಯಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ಬುದ್ಧಿ ಹೇಳದೆ ಇರುವುದನ್ನು ಕಲಿಸಲು. ಏಪ್ರಿಲ್ ಬಿಸಿಲಿನ ಒಂದು ಮಧ್ಯಾಹ್ನ ಆ ಹೆಡ್ ವಾರ್ಡರನ್ನೂ ಒಬ್ಬ ಹೊಸ ಹುಡುಗನನ್ನೂ ಎದುರುಬದುರು ಕೂರಿಸಿ, ಸುಮ್ನೆ ಅಭ್ಯಾಸಕ್ಕೆ ಮಾತಾಡಿ ಅಂದೆ.

“ಕಾಕಾ, ಆ ಬ್ಯಾರಕ್ ಕಡಿ ಹೋಗಬೇಕಂದ್ರ ಎದಿ ಧಸಕ್ ಅಂತದ.”

“ಏ, ನೌಕರಿ ಅಂದಮ್ಯಾಲ ಇದ್ದದ್ದೇ. ಧೈರ್ಯ ತಗೋ.”

ಹುಡುಗ ತಲೆಯಾಡಿಸಿ ಸುಮ್ಮನಾದ. ಮಾತು ಅಲ್ಲಿಗೇ ಮುಗಿಯಿತು, ಅಲ್ವಾ? ಮತ್ತೊಮ್ಮೆ ಮಾಡಿಸಿದೆ. ಈ ಸಲ ಅವರು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಸ್ವಲ್ಪ ಹೊತ್ತು ಕೂತರು. ಆಮೇಲೆ, “ಯಾವಾಗಿಂದ ಹಿಂಗ ಆಗ್ಲತ್ತದ, ತಮ್ಮಾ?” ಎಂದರು. ಹುಡುಗ ಅಭ್ಯಾಸ ಬಿಟ್ಟು ನಿಜವನ್ನೇ ಹೇಳತೊಡಗಿದ. ಅಲ್ಲಿ ಒಬ್ಬ ಕೈದಿ ಸತ್ತ ದಿನ ಬಾಗಿಲು ತೆಗೆದವನು ಇವನೇ. ಮನೆಯಲ್ಲೂ ಹೇಳಿರಲಿಲ್ಲ. ಉಳಿದವರನ್ನು ಚಹಾಕ್ಕೆ ಕಳಿಸಿ ನಾವು ಮೂವರೇ ಕೂತೆವು. ಮುಂದಿನ ವಾರ ಅವನನ್ನು ಮಾನಸಿಕ ವೈದ್ಯರ ಹತ್ತಿರ ಕರೆದುಕೊಂಡು ಹೋದವರು ಆ ಕಾಕಾನೇ.

ಗುಟ್ಟು ಕಾಯುವುದು ಜೈಲಿನಲ್ಲಿ ಇನ್ನೂ ಕಷ್ಟ. ಸಾಲದಲ್ಲಿ ಮುಳುಗಿದ ವಾರ್ಡರ್‌ಗೆ ಕೈದಿಗಳ ಕಡೆಯವರು ದುಡ್ಡಿನ ಆಸೆ ತೋರಿಸಿ ಒಳಗೆ ಮೊಬೈಲ್ ತರಿಸಲು ನೋಡುತ್ತಾರೆ. ‘ಆಸೆ ತೋರಿಸುತ್ತಿದ್ದಾರೆ’ ಎಂದು ಹೇಳಿಕೊಳ್ಳಲು ಒಬ್ಬರಿದ್ದರೆ ಅವನು ಅಲ್ಲೇ ಬಚಾವಾಗಬಹುದು. ‘ತಂದುಕೊಟ್ಟೆ’ ಎಂದ ಮೇಲೆ ಅದನ್ನು ಮುಚ್ಚಿಡಲು ಬರುವುದಿಲ್ಲ. ಜೀವಕ್ಕೆ ಅಪಾಯ ಇದ್ದರೂ ಅಷ್ಟೇ. ಈ ಗೆರೆಯನ್ನು ಮಾತು ಶುರುವಾಗುವ ಮೊದಲೇ ಹೇಳಬೇಕು. ಉಳಿದದ್ದು ಯಾವ ರಿಜಿಸ್ಟರಿಗೂ ಹೋಗಬಾರದು. ಯಾರ್ಯಾರು ಬಂದಿದ್ದರು ಎಂದು ಒಮ್ಮೆ ಮೇಲಿನಿಂದ ಕೇಳಿದರು. ನಾನು ಎಷ್ಟು ಜನ ಅನ್ನುವುದನ್ನು ಮಾತ್ರ ಕೊಟ್ಟೆ.

2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ತಂಡದ ಎಲ್ಲರಿಗೂ ಬಾಯಿಪಾಠ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕೇಳಿ ಕೇಳಿ ಕೇಳುವವರ ಮನಸ್ಸೂ ಭಾರವಾಗುತ್ತದೆ. ಅದಕ್ಕೇ ಹದಿನೈದು ದಿನಕ್ಕೊಮ್ಮೆ ತಂಡದವರ ಮಾತನ್ನು ನಾನು ಕೂತು ಕೇಳುತ್ತೇನೆ.

ಮಹಿಳಾ ವಾರ್ಡರ್‌ಗಳು ಆರಿಸಿದ್ದ ಒಬ್ಬರಿಗೆ ಹೋದ ತಿಂಗಳು ವರ್ಗವಾಯಿತು. ಅವರ ಜಾಗಕ್ಕೆ ಮತ್ತೆ ಚೀಟಿ ಹಂಚಬೇಕು.