ಹಳೇಬೀಡಿಗೆ ಸ್ಲೇಟು, ಬಳಪ

ಮಕ್ಕಳೊಂದಿಗೆ ಮೊದಲ ಸಲ ಶ್ರವಣಬೆಳಗೊಳ, ಬೇಲೂರು, ಹಳೇಬೀಡು ಮೂರನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸುವ ಹುಮ್ಮಸ್ಸಿನಲ್ಲಿ ಹೊರಟಿದ್ದೆವು. ಮಗಳಿಗೆ ಆಗ ಐದು ವರ್ಷ, ಮಗನಿಗೆ ಮೂರು. ಏಪ್ರಿಲ್ ತಿಂಗಳು. ಶ್ರವಣಬೆಳಗೊಳದ ವಿಂಧ್ಯಗಿರಿ ಬೆಟ್ಟದ ಕಾದ ಬಂಡೆಯ ಮೇಲೆ ಬರಿಗಾಲಿನಲ್ಲಿ ಅರ್ಧ ಹತ್ತುವಷ್ಟರಲ್ಲಿ ಮಗ ಕುಳಿತು ಅಳತೊಡಗಿದ. ಮುಂದಿನ ಎರಡು ಊರುಗಳಲ್ಲಿ ಇಬ್ಬರೂ ಕಾರಿನಿಂದ ಇಳಿಯಲೇ ಇಲ್ಲ. ಬಹಳ ಬೇಸರವಾಗಿತ್ತು. ತಪ್ಪು ಮಕ್ಕಳದಲ್ಲ, ನಮ್ಮ ಪಟ್ಟಿಯದು.

ಮರುವರ್ಷ ಡಿಸೆಂಬರಿನಲ್ಲಿ ಹಳೇಬೀಡು ಒಂದನ್ನೇ ಇಟ್ಟುಕೊಂಡೆವು. ಹಿಂದಿನ ರಾತ್ರಿ ಬೇಲೂರಿನಲ್ಲಿ ತಂಗಿ, ಬೆಳಿಗ್ಗೆ ಹದಿನಾರು ಕಿಲೋಮೀಟರು ಬಸ್ಸಿನಲ್ಲಿ ಹೋದೆವು. ಚೀಲದಲ್ಲಿ ಎರಡು ಸ್ಲೇಟು, ಒಂದು ಡಬ್ಬಿ ಬಳಪ, ಒದ್ದೆ ಬಟ್ಟೆ, ಇಬ್ಬರಿಗೂ ದಪ್ಪ ಕಾಲುಚೀಲ, ಕೋಡುಬಳೆ. ಬಣ್ಣದ ಪೆನ್ಸಿಲ್ಲುಗಳನ್ನು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದೆ. ಅವು ಉರುಳಿಹೋಗುತ್ತವೆ, ಹಾಳೆ ಗಾಳಿಗೆ ಹಾರುತ್ತದೆ, ಗೆರೆ ತಪ್ಪಿದರೆ ಮಗಳು ಮುನಿಸಿಕೊಳ್ಳುತ್ತಾಳೆ. ಸ್ಲೇಟಿನ ಮೇಲೆ ತಪ್ಪಿದ್ದನ್ನು ಒರೆಸಿದರಾಯಿತು.

ಬಳಪಕ್ಕೆ ಇನ್ನೊಂದು ಕಾರಣವೂ ಇತ್ತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಕಟ್ಟಿರುವುದು ಬಳಪದ ಕಲ್ಲಿನಿಂದ. ಮೆತ್ತನೆಯ ಕಲ್ಲು, ಆದ್ದರಿಂದಲೇ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಇದನ್ನು ಹೇಳಿದಾಗ ಮಗ ಕೈಯಲ್ಲಿದ್ದ ಬಳಪವನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿ, "ಇಷ್ಟು ದೊಡ್ಡ ಬಳಪವಾ?" ಎಂದ. ಒಂಬೈನೂರು ವರ್ಷಗಳ ಇತಿಹಾಸವನ್ನು ನಾನು ಹೇಗೆ ವಿವರಿಸಿದ್ದರೂ ಅವನಿಗೆ ಅಷ್ಟು ಹತ್ತಿರವಾಗುತ್ತಿರಲಿಲ್ಲ.

ದೇವಾಲಯದ ಸುತ್ತಲಿನ ಎತ್ತರದ ಕಟ್ಟೆಯಾದ ಜಗತಿಯ ಮೇಲೆ ನಡೆಯುವಾಗ ದೊಡ್ಡವರ ಕಣ್ಣು ನೇರ ಮೇಲಿನ ದೇವರ ಮೂರ್ತಿಗಳತ್ತ ಹೋಗುತ್ತದೆ. ಮಕ್ಕಳ ಪಾಲಿನದು ಕೆಳಗಿದೆ. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ರಾಮಾಯಣ ಮಹಾಭಾರತಗಳ ಕಥೆ, ಮಕರ, ಹಂಸ. ನೆಲದ ಮೇಲೆ ಕುಳಿತ ನಾಲ್ಕು ವರ್ಷದ ಮಗುವಿಗೆ ಆನೆ ನೇರ ಎದುರಿಗೇ ಬರುತ್ತದೆ. ನಾನೂ ಪಕ್ಕದಲ್ಲಿ ಕುಳಿತೆ. ಎಷ್ಟೋ ಸಲ ಬಂದಿದ್ದ ಜಾಗ, ಆದರೂ ಒಂದು ಆನೆಯಂತೆ ಇನ್ನೊಂದಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಆ ದಿನವೇ.

ಗೋಡೆಯನ್ನು ಮುಟ್ಟಬಾರದು, ಸ್ಲೇಟನ್ನಾಗಲಿ ಬಳಪವನ್ನಾಗಲಿ ಅದಕ್ಕೆ ತಾಗಿಸಬಾರದು ಎಂಬುದೊಂದೇ ನಿಯಮ. ಅದನ್ನು ಬಸ್ಸಿನಲ್ಲಿಯೇ ಹೇಳಿ ಒಪ್ಪಿಸಿದ್ದೆ. ಮಗ ಒಂದೇ ಆನೆಯನ್ನು ಏಳು ಸಲ ಬರೆದ. ಸೊಂಡಿಲು ಪ್ರತಿ ಸಲವೂ ಸ್ಲೇಟಿನ ಚೌಕಟ್ಟನ್ನು ದಾಟಿ ಅವನ ತೊಡೆಯವರೆಗೆ ಬಂತು. ಬರೆದದ್ದನ್ನೆಲ್ಲ ಒರೆಸಿಯೂ ಬಿಟ್ಟ. ಇಟ್ಟುಕೊಳ್ಳೋಣ ಎಂದರೆ, "ಆನೆ ಅಲ್ಲಿಯೇ ಇದೆಯಲ್ಲ" ಎಂದು ಗೋಡೆ ತೋರಿಸಿದ.

ಮಗಳು ಮಕರಕ್ಕೆ ಮಾರುಹೋದಳು. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಕಾಲು, ನವಿಲಿನಂಥ ಬಾಲ ಎಲ್ಲವೂ ಒಂದೇ ಪ್ರಾಣಿಯಲ್ಲಿ. ನೋಡಿದಂತೆ ಬರೆಯಬೇಕಾಗಿಲ್ಲ, ನಿನ್ನದೇ ಮಕರ ಮಾಡು ಎಂದೆ. ಅವಳದಕ್ಕೆ ಮೊಲದ ಕಿವಿ, ಬಸ್ಸಿನ ಚಕ್ರ, ಅಜ್ಜಿಯ ಮೂಗುತಿ ಬಂದವು. ಪ್ರವಾಸದಲ್ಲಿ ಸಣ್ಣ ಮಕ್ಕಳಿಗೆ ಚಿತ್ರ ಬರೆಸುವವರು ನಕಲು ಮಾಡಿಸುವುದಕ್ಕಿಂತ ಹೀಗೆ ಬೆರೆಸುವ ಆಟ ಆಡಿಸಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಬೆರೆಸಬೇಕಾದರೆ ಮೊದಲು ಒಂದೊಂದು ಭಾಗವನ್ನೂ ಗಮನವಿಟ್ಟು ನೋಡಲೇಬೇಕಾಗುತ್ತದೆ.

ಹತ್ತೂವರೆಯ ಹೊತ್ತಿಗೆ ಕಲ್ಲು ಕಾಯತೊಡಗಿತು. ಒಳಗಿನ ಗುಡಿಗಳಲ್ಲಿ ಹೆಚ್ಚು ಹೊತ್ತು ನಿಲ್ಲದೆ ಬಸದಿಹಳ್ಳಿಗೆ ನಡೆದೆವು. ಅಲ್ಲಿಯ ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಕನ್ನಡಿಯಂಥ ಹೊಳಪು. ಮಗ ಒಂದು ಕಂಬದ ಮುಂದೆ ಹೋದ, ಹಿಂದೆ ಬಂದ, ಕೈ ಎತ್ತಿದ. ಕಂಬದೊಳಗಿನ ಉದ್ದ ಸಣಕಲು ಹುಡುಗನೂ ಕೈ ಎತ್ತಿದ. ಮಗಳು ನೆಲದಲ್ಲಿ ಕುಳಿತು ಅವನನ್ನು ಬರೆದಳು. ತಮ್ಮನನ್ನಲ್ಲ, ಕಂಬದೊಳಗಿದ್ದವನನ್ನು.