ಹಡಗಿನ ತಾಪತ್ರಯವೆಲ್ಲ ದಡದಲ್ಲಿ

ಸಿಯಾಟಲ್ ಬಂದರಿನ ಚೆಕ್-ಇನ್ ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದ ದಂಪತಿಯನ್ನು ಕೌಂಟರಿನ ಹುಡುಗಿ ಪಕ್ಕಕ್ಕೆ ಕರೆದಳು. ಹೈದರಾಬಾದಿನವರು, ಹೆಚ್ಚುಕಡಿಮೆ ನಮ್ಮದೇ ವಯಸ್ಸು, ಮಗನ ಮನೆಗೆ ಬಂದವರು. ನಮ್ಮ ಪ್ರವಾಸಿ ಹಡಗು ಹೋಗುವುದು ಅಲಾಸ್ಕಾಕ್ಕೆ. ಅಲಾಸ್ಕಾ ಅಮೆರಿಕದ್ದೇ ರಾಜ್ಯ, ಕೈಯಲ್ಲಿ 10 ವರ್ಷದ ಅಮೆರಿಕ ವೀಸಾ ಇದೆ. ಇನ್ನೇನು ಬೇಕು? ಕೆನಡಾ ವೀಸಾ ಬೇಕಿತ್ತು. ಅದು ಅವರಲ್ಲಿರಲಿಲ್ಲ. 20 ನಿಮಿಷ ಮಾತುಕತೆಯಾಗಿ, ಇಬ್ಬರೂ ಸೂಟ್‌ಕೇಸ್ ಎಳೆದುಕೊಂಡು ಹೊರಗೆ ಹೋದರು. ಆಕೆ ಒಮ್ಮೆ ತಿರುಗಿ ಹಡಗನ್ನು ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ಇದರ ಹಿಂದೆ 1886ರ ಒಂದು ಕಾನೂನಿದೆ. ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು, ನಡುವೆ ಯಾವುದೇ ಪರದೇಶದ ಬಂದರು ಮುಟ್ಟದೆ, ಅಮೆರಿಕದಲ್ಲೇ ಇಳಿಸುವಂತಿಲ್ಲ. ಈ ದೊಡ್ಡ ಪ್ರವಾಸಿ ಹಡಗುಗಳೆಲ್ಲ ಹೆಚ್ಚಾಗಿ ಬಹಾಮಾಸ್, ಪನಾಮ, ಬರ್ಮುಡಾದ ಬಾವುಟದವು. ಹಾಗಾಗಿ ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಅಲಾಸ್ಕಾ ಹಡಗುಗಳು ಕಾನೂನಿನ ಶಾಸ್ತ್ರಕ್ಕಾಗಿ ಹೆಚ್ಚಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ನಮ್ಮದು ರಾತ್ರಿ 8ಕ್ಕೆ ಬಂದು ನಡುರಾತ್ರಿಯ ಹೊತ್ತಿಗೆ ಹೊರಟಿತು. "ನಾನು ಇಳಿಯುವುದೇ ಇಲ್ಲ, ಕ್ಯಾಬಿನ್ನಿನಲ್ಲೇ ಮಲಗಿರುತ್ತೇನೆ" ಎಂದರೂ ನಡೆಯುವುದಿಲ್ಲ. ಭಾರತದ ಪಾಸ್‌ಪೋರ್ಟಿನವರಿಗೆ ಕೆನಡಾ ವೀಸಾ ಇಲ್ಲದಿದ್ದರೆ ಹಡಗನ್ನೇ ಹತ್ತಿಸುವುದಿಲ್ಲ. ನಮಗೆ ಇದು ಗೊತ್ತಿದ್ದದ್ದು ನನ್ನ ಜಾಣತನದಿಂದಲ್ಲ, ಮಗ 4 ತಿಂಗಳು ಮೊದಲೇ ಬೆನ್ನುಹತ್ತಿ ಅರ್ಜಿ ಹಾಕಿಸಿದ್ದ. ಇನ್ನೊಂದು ಮಾತು: ಹಡಗು ದೇಶದಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರುತ್ತದೆ. ಆದ್ದರಿಂದ ಹೊರಡುವ ದೇಶದ ವೀಸಾ ಒಂದೇ ಸಲದ ಪ್ರವೇಶದ್ದಾದರೆ ಸಾಲದು. ಸಿಂಗಾಪುರದಿಂದ ಹೊರಟರೂ ಇದೇ ಲೆಕ್ಕ.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನೂ ನನ್ನ ಹೆಂಡತಿಯೂ 9 ಸಲ ಇಂಥ ಹಡಗು ಹತ್ತಿ ಇಳಿದಿದ್ದೇವೆ. ಸಿಂಗಾಪುರ, ಮುಂಬಯಿಯಿಂದ ಲಕ್ಷದ್ವೀಪ, ಮಯಾಮಿಯಿಂದ ಕೆರಿಬಿಯನ್, 2 ಸಲ ಅಲಾಸ್ಕಾ, ಹೀಗೆ. ಕೇಳಿದವರೆಲ್ಲ ಮೊದಲು ಕೇಳುವುದು "ಸಮುದ್ರ ಹೆದರಿಕೆ ಆಗುವುದಿಲ್ಲವಾ?" ಎಂದು. ಸಮುದ್ರದಿಂದ ನಮಗೆ ದೊಡ್ಡ ತೊಂದರೆಯಾದದ್ದೇ ಇಲ್ಲ. ಆದದ್ದೆಲ್ಲ ನೆಲ ಮುಟ್ಟುವ ಕಡೆ: ಹತ್ತುವಾಗ, ಬಂದರಿನಲ್ಲಿ ಇಳಿದಾಗ, ಕೊನೆಗೆ ಮನೆಗೆ ಹೊರಡುವಾಗ.

ಹತ್ತುವ ವಿಚಾರ. ಹಡಗು ಹೊರಡುವ ಊರಿಗೆ ಹಿಂದಿನ ದಿನವೇ ಹೋಗಿ ಉಳಿಯಿರಿ. ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಸಲು ಅದೇ ದಿನದ ವಿಮಾನ ಹಿಡಿದರೆ, ವಿಮಾನ ತಡವಾದಾಗ ಹಡಗು ನಿಮಗಾಗಿ ನಿಲ್ಲುವುದಿಲ್ಲ. ದೊಡ್ಡ ಪೆಟ್ಟಿಗೆಗಳನ್ನು ಬಂದರಿನ ಬಾಗಿಲಲ್ಲೇ ಕೂಲಿಯವರು ತೆಗೆದುಕೊಳ್ಳುತ್ತಾರೆ, ಅವು ಕ್ಯಾಬಿನ್ನಿಗೆ ಬಂದು ಸೇರುವಾಗ ಸಂಜೆಯಾಗುತ್ತದೆ, ಕೆಲವೊಮ್ಮೆ ರಾತ್ರಿ. ಆದ್ದರಿಂದ ಪಾಸ್‌ಪೋರ್ಟ್, ಬಿ.ಪಿ. ಮಾತ್ರೆ, ಶುಗರ್ ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ ಹೆಗಲ ಚೀಲದಲ್ಲಿರಬೇಕು. ನನ್ನ ಇನ್ಸುಲಿನ್ ಪೆನ್ನನ್ನು ಒಮ್ಮೆ ದೊಡ್ಡ ಪೆಟ್ಟಿಗೆಯಲ್ಲಿಟ್ಟು ರಾತ್ರಿ 9ರವರೆಗೆ ಕಾರಿಡಾರಿನಲ್ಲಿ ಶತಪಥ ತಿರುಗಿದ್ದೇನೆ.

ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್ ಕೊಂಡುಹೋಗಬೇಡಿ. ಬೆಂಕಿಯ ಭಯಕ್ಕೆ ಎರಡನ್ನೂ ಸ್ಕ್ಯಾನಿಂಗಿನಲ್ಲೇ ತೆಗೆದಿಟ್ಟುಕೊಂಡು ಕೊನೆಯ ದಿನ ವಾಪಸ್ ಕೊಡುತ್ತಾರೆ. ನಮ್ಮವಳ ಕೆಟಲ್ ಒಂದು ವಾರ ಚೀಟಿ ಕಟ್ಟಿಸಿಕೊಂಡು ಹಡಗಿನ ಯಾವುದೋ ಕೋಣೆಯಲ್ಲಿ ಕೂತಿತ್ತು. ಊಟದ ಮಹಡಿಯಲ್ಲಿ ಬಿಸಿನೀರು ಹಗಲುರಾತ್ರಿ ಸಿಗುತ್ತದೆ, ಒಂದು ಫ್ಲಾಸ್ಕ್ ಇದ್ದರೆ ಸಾಕು. ಹಾಂ, ಅಯಸ್ಕಾಂತದ ಕೊಕ್ಕೆ ನಾಲ್ಕು ಇಟ್ಟುಕೊಳ್ಳಿ. ಕ್ಯಾಬಿನ್ನಿನ ಗೋಡೆ ಉಕ್ಕಿನದು, ಟೊಪ್ಪಿ, ಜಾಕೆಟ್, ಒದ್ದೆ ಬೈರಾಸು ಎಲ್ಲ ನೇತಾಡಿಸಬಹುದು.

ಕ್ಯಾಬಿನ್ ಆರಿಸುವಾಗ ಮೊದಲ ಸಲ ಮೋಸಹೋದೆವು. ಅಗ್ಗಕ್ಕೆ ಸಿಗುತ್ತದೆಂದು "ಯಾವುದು ಕೊಟ್ಟರೂ ಆದೀತು" ಎಂಬ ದರ್ಜೆಯಲ್ಲಿ ಬುಕ್ ಮಾಡಿದ್ದೆ. ಸಿಕ್ಕಿದ್ದು ಈಜುಕೊಳದ ಮಹಡಿಯ ನೇರ ಕೆಳಗೆ. ಬೆಳಗ್ಗೆ 5ಕ್ಕೆ ನಮ್ಮ ತಲೆಯ ಮೇಲೆ ಕುರ್ಚಿ ಎಳೆಯಲು ಶುರು, ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಬೆಂಚು ಹಾಕಿದ ಹಾಗೆ. ಅಂದಿನಿಂದ ನಕ್ಷೆ ನೋಡಿಯೇ ಬುಕ್ ಮಾಡುವುದು: ಮೇಲೂ ಕೆಳಗೂ ಬರೀ ಕ್ಯಾಬಿನ್‌ಗಳೇ ಇರಬೇಕು, ಹಡಗಿನ ಉದ್ದದಲ್ಲಿ ನಡುಭಾಗವಾಗಬೇಕು, ಮಹಡಿ ಆದಷ್ಟು ಕೆಳಗಿನದಾಗಬೇಕು. ತಕ್ಕಡಿಯ ಹಾಗೆ, ನಡುವೆ ಆಟ ಕಡಿಮೆ. ಕಿಟಕಿ ಇಲ್ಲದ ಒಳ ಕ್ಯಾಬಿನ್ ಬೇಡವೆಂದು ಕೆಲವರು ಹೇಳುತ್ತಾರೆ. ನನಗೇನೋ ಅದು ಇಷ್ಟ. ಕತ್ತಲೆ ಎಂದರೆ ಅಂಥ ಕತ್ತಲೆ, ಒಳ್ಳೆ ನಿದ್ದೆ, ಉಳಿದ ದುಡ್ಡಿನಲ್ಲಿ ಇನ್ನೊಂದು ಪ್ರವಾಸ.

ವಾಂತಿ, ತಲೆಸುತ್ತು. ಸಿಯಾಟಲ್‌ನಿಂದ ಹೊರಟ ಹಡಗುಗಳು ಸಾಮಾನ್ಯವಾಗಿ ಕೆನಡಾದ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್‌ನಲ್ಲೇ ಸಾಗುತ್ತವೆ. ಹಾಗಾಗಿ ಮೊದಲ ರಾತ್ರಿಯೂ ಮರುದಿನವೂ ಓಲಾಟ. ವ್ಯಾಂಕೂವರ್ ನಗರದಿಂದ ಹೊರಟವು ದ್ವೀಪಗಳ ಮರೆಯ ಒಳದಾರಿಯಲ್ಲಿ ಹೋಗುತ್ತವೆ, ಅಲ್ಲಿ ನೀರು ಕೆರೆಯಂತೆ. ಎರಡನ್ನೂ ನೋಡಿದವನಾಗಿ ಹೇಳುತ್ತೇನೆ, ಹೊಟ್ಟೆ ಸೂಕ್ಷ್ಮದವರು ವ್ಯಾಂಕೂವರ್‌ನಿಂದಲೇ ಹತ್ತಿ. ನಮ್ಮ ಡಾಕ್ಟರು ಹೇಳಿದ ಮಾತ್ರೆಯನ್ನು ಹಡಗು ಅಲ್ಲಾಡುವ ಮೊದಲೇ ನುಂಗಬೇಕು. ಅಲ್ಲಾಡಿದ ಮೇಲೆ ನುಂಗಿದ್ದು ಸಮುದ್ರದ ಪಾಲು. ಆಮೇಲೆ ಹಸಿಶುಂಠಿ, ಹೊರಗಿನ ಗಾಳಿ, ದಿಗಂತದ ಗೆರೆಯ ಮೇಲೆ ಕಣ್ಣು.

ಹತ್ತಿದ ದಿನವೇ ಸುರಕ್ಷಾ ಅಭ್ಯಾಸ ಇರುತ್ತದೆ. 7 ಗಿಡ್ಡ ಸೀಟಿ, 1 ಉದ್ದ ಸೀಟಿ ಕೇಳಿದರೆ ನಿಮ್ಮ ಗುಂಪು ಸೇರುವ ಜಾಗಕ್ಕೆ ಹೋಗಬೇಕು. ಹಿಂದೆ ಇದನ್ನು ಹಡಗು ಹೊರಟು 24 ಗಂಟೆಯೊಳಗೆ ಮಾಡಿದರೂ ನಡೆಯುತ್ತಿತ್ತು. 2012ರ ಜನವರಿ 13ರಂದು ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟ ಕಾಂಕಾರ್ಡಿಯ ಬಂಡೆಗೆ ಬಡಿದು 32 ಜನ ಸತ್ತರು. ಆ ದಿನ ಹತ್ತಿದ ನೂರಾರು ಮಂದಿಗೆ ಅಭ್ಯಾಸ ಇನ್ನೂ ಆಗಿರಲಿಲ್ಲ. ಆಮೇಲೆ ಹೊರಡುವ ಮೊದಲೇ ಮುಗಿಸಬೇಕೆಂಬ ನಿಯಮ ಬಂತು. ಫೋನಿನಲ್ಲಿ ವಿಡಿಯೋ ನೋಡಿ ಮುಗಿಸುವ ಹಡಗುಗಳೂ ಈಗ ಇವೆ. ಆದರೂ ನಾನು ಕ್ಯಾಬಿನ್ನಿನಿಂದ ಆ ಜಾಗಕ್ಕೆ ಲಿಫ್ಟ್ ಇಲ್ಲದೆ, ಮೆಟ್ಟಿಲಲ್ಲೇ ಒಮ್ಮೆ ನಡೆದು ನೋಡುತ್ತೇನೆ.

ಊಟಕ್ಕೆ ಬರೋಣ. ಶುದ್ಧ ಸಸ್ಯಾಹಾರಿಗಳು ಉಪವಾಸ ಬೀಳುತ್ತಾರೆಂಬುದು ಸುಳ್ಳು, ಬಾಯಿ ಬಿಟ್ಟು ಕೇಳದವರು ಬೀಳುತ್ತಾರೆ. ಬುಕ್ ಮಾಡುವಾಗಲೇ ಸಸ್ಯಾಹಾರ ಅಥವಾ ಜೈನ ಊಟವೆಂದು ಬರೆಸಿ. ಮೊದಲ ರಾತ್ರಿ ದೊಡ್ಡ ಊಟದ ಹಾಲಿನಲ್ಲಿ ಹೆಡ್ ವೇಟರನ್ನು ಹುಡುಕಿ ಮಾತಾಡಿ. ಅವರು ಮರುದಿನದ ಮೆನು ತಂದು ತೋರಿಸುತ್ತಾರೆ, ನಿಮಗೇನು ಬೇಕೆಂದು ಹಿಂದಿನ ರಾತ್ರಿಯೇ ಹೇಳಿದರೆ ಅಡಿಗೆಮನೆಯಲ್ಲಿ ಬೇರೆಯಾಗಿ ಮಾಡಿಸುತ್ತಾರೆ. ತರಕಾರಿ ಸೂಪು ಎಂದು ಬರೆದಿದ್ದರೂ ಅದರ ನೀರು ಕೋಳಿಯದ್ದಾಗಿರಬಹುದು, ಜೆಲ್ಲಿಯಂಥ ಸಿಹಿಯಲ್ಲಿ ಜೆಲಟಿನ್ ಇರಬಹುದು. ಕೇಳಿ.

ಹಡಗಿನ ಸಿಬ್ಬಂದಿಯಲ್ಲಿ ಗೋವೆಯವರು, ಮಂಗಳೂರಿನವರು ಸಿಗುತ್ತಾರೆ. ಕೆರಿಬಿಯನ್ ಪ್ರವಾಸದಲ್ಲಿ ನಮ್ಮ ಮೇಜಿನ ಹುಡುಗ ಎರಡು ದಿನ ಇಂಗ್ಲಿಷಿನಲ್ಲೇ ಮಾತಾಡಿದ. ಮೂರನೆಯ ದಿನ ನಾವಿಬ್ಬರು ಮೊಸರಿನ ವಿಚಾರಕ್ಕೆ ತುಳುವಿನಲ್ಲಿ ಗೊಣಗುತ್ತಿದ್ದಾಗ ಹಿಂದಿನಿಂದ "ಇರೆನ ಊರು ಓಲು?" (ನಿಮ್ಮ ಊರು ಎಲ್ಲಿ?) ಎಂದು ಕೇಳಿತು. ಮೂಲ್ಕಿಯ ಹತ್ತಿರದವನಂತೆ. 8 ತಿಂಗಳಿಂದ ಮನೆಗೆ ಹೋಗಿರಲಿಲ್ಲ. ಆ ರಾತ್ರಿಯಿಂದ ನಮಗೆ ಸಕ್ಕರೆ ಬೆರೆಸದ ಮೊಸರು, ಅನ್ನ, ಒಗ್ಗರಣೆ ಹಾಕಿದ ಬೇಳೆ. ಪ್ರತಿಯಾಗಿ ಹೆಂಡತಿ ಅವನಿಗೆ ಒಂದು ಪ್ಯಾಕೆಟ್ ಉಪ್ಪಿನಕಾಯಿ ಕೊಟ್ಟಳು. ಅಂಗಡಿಯ ಸೀಲ್ ಪ್ಯಾಕೆಟ್ಟೇ. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಡಗಿಗೆ ಬಿಡುವುದಿಲ್ಲ, ಸೀಲ್ ಇದ್ದ ಚಟ್ನಿಪುಡಿ, ಕಾಫಿ ಡಿಕಾಕ್ಷನ್, ಬಿಸಿನೀರು ಹಾಕಿದರಾಗುವ ಉಪ್ಪಿಟ್ಟಿಗೆ ತಕರಾರಿಲ್ಲ. ಹಡಗಿನ ಹಣ್ಣನ್ನು ಚೀಲದಲ್ಲಿಟ್ಟು ಬಂದರಿನಲ್ಲಿ ಇಳಿಯಬೇಡಿ. ಮೂಸುವ ನಾಯಿ ಕಾಯುತ್ತಿರುತ್ತದೆ, ಒಂದು ಸೇಬಿಗೂ ದಂಡ ಬೀಳಬಹುದು.

ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಬಾಗಿಲಲ್ಲಿ ಕೊಡುವ ಸ್ಯಾನಿಟೈಸರ್ ಸಾಲದು. ಹಡಗಿನಲ್ಲಿ ವಾಂತಿಭೇದಿ ಹರಡುವ ನೋರೊವೈರಸ್ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

ನಾನು ಮಂಗಳೂರಿನ ಶಾಖೆಯಲ್ಲಿದ್ದಾಗ ಪಣಂಬೂರಿಗೆ ವಿದೇಶಿ ಹಡಗು ಬಂದ ದಿನ ಬಿಳಿ ಟೊಪ್ಪಿಯವರ ಬಸ್ಸುಗಳು ಸಾಲಾಗಿ ಹೊರಡುತ್ತಿದ್ದವು. ಕದ್ರಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಫ್ಯಾಕ್ಟರಿ, ಸಂಜೆಗೆ ವಾಪಸ್. ಒಂದು ಊರನ್ನು 8 ಗಂಟೆಯಲ್ಲಿ ಏನು ನೋಡುತ್ತಾರೆ ಎಂದು ನಾವು ನಗುತ್ತಿದ್ದೆವು. ಈಗ ಆ ಟೊಪ್ಪಿ ನನ್ನ ತಲೆಯ ಮೇಲಿದೆ, ಲೆಕ್ಕವೂ ಗೊತ್ತಾಗಿದೆ: ಒಂದು ಬಂದರಿನಲ್ಲಿ ಒಂದೇ ಜಾಗ. ಅಲಾಸ್ಕಾದ ಜೂನೋದಲ್ಲಿ ಮೆಂಡನ್‌ಹಾಲ್ ಹಿಮನದಿ, ಸ್ಕ್ಯಾಗ್ವೇಯಲ್ಲಿ 1898ರಲ್ಲಿ ಚಿನ್ನದ ಹುಚ್ಚಿನ ಕಾಲಕ್ಕೆ ಕಟ್ಟತೊಡಗಿದ ಮೀಟರ್‌ಗೇಜ್‌ಗಿಂತಲೂ ಸಪುರ ಹಳಿಯ ರೈಲು. ಮಿಕ್ಕ ಹೊತ್ತು ಬೀದಿ ಸುತ್ತುವುದು. ದೂರದ ಜಾಗವಾದರೆ ಹಡಗಿನವರದೇ ಪ್ರವಾಸ ಕೊಳ್ಳುತ್ತೇನೆ, ದುಬಾರಿಯಾದರೂ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನಮ್ಮ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ.

ಅದು ಬಾಯಿಮಾತಲ್ಲ ಎಂದು ತಿಳಿದದ್ದು ಮೆಕ್ಸಿಕೋದ ಕೊಸುಮೆಲ್ ದ್ವೀಪದಲ್ಲಿ, ಒಂದು ಜುಲೈ ತಿಂಗಳು. 4.30ಕ್ಕೆ ಎಲ್ಲರೂ ಹಡಗಿನಲ್ಲಿರಬೇಕು ಎಂದಿದ್ದರು. ಪೇಟೆಯ ಚೌಕದ ಬೆಂಚಿನಲ್ಲಿ ಕೂತು ಐಸ್‌ಕ್ರೀಂ ತಿನ್ನುತ್ತಿದ್ದೆವು. ನನ್ನ ಫೋನಿನಲ್ಲಿ 3.05. ಇನ್ನೊಂದು ಸುತ್ತು ಹಾಕೋಣವೆಂದೆ. ಹೆಂಡತಿ ತನ್ನ ಹಳೆಯ ಎಚ್‌ಎಂಟಿ ವಾಚು ನೋಡಿ, "ಎಂಥ ಸುತ್ತು ಮಾರಾಯ್ರೆ, ಗಂಟೆ 4 ಕಳೆದು 5 ನಿಮಿಷ ಆಯ್ತು" ಎಂದಳು. ನಿಮ್ಮ ವಾಚು ಕೆಟ್ಟಿದೆ ಎಂದು ನಾನು ವಾದ ಮಾಡಿದೆ, 2 ನಿಮಿಷ ಅದರಲ್ಲೇ ಹೋಯಿತು. ವಾಚು ಸರಿ ಇತ್ತು. ಬೇಸಿಗೆಯಲ್ಲಿ ಮಯಾಮಿ ಇರುವ ಫ್ಲಾರಿಡಾದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಕೊಸುಮೆಲ್‌ನವರು ಇಡುವುದಿಲ್ಲ. ನಮ್ಮ ಹಡಗು ಮಯಾಮಿಯ ಗಂಟೆಯಲ್ಲೇ ನಡೆಯುತ್ತಿತ್ತು, ನನ್ನ ಫೋನು ದಡದ ಟವರ್ ಸಿಕ್ಕಿದ ಕೂಡಲೇ ಅಲ್ಲಿನ ಗಂಟೆಗೆ ತಿರುಗಿಕೊಂಡಿತ್ತು. ಟ್ಯಾಕ್ಸಿ ಹಿಡಿದು, ಆ ಉದ್ದದ ಜೆಟ್ಟಿಯ ಮೇಲೆ ಇಬ್ಬರು ಅರವತ್ತು ದಾಟಿದವರು ಓಡಿದೆವು. ಮೇಲಿನ ಮಹಡಿಗಳಲ್ಲಿ ಜನ ಅಂಚಿನ ಕಂಬಿಗೆ ಒರಗಿ ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಇದಕ್ಕೆಂದೇ ಜನ ಬಂದು ನಿಲ್ಲುತ್ತಾರಂತೆ. 4.26ಕ್ಕೆ ಒಳಗೆ ಬಿದ್ದೆವು.

ಈಗ ಬಂದರಿನಲ್ಲಿ ಇಳಿಯುವ ಮುಂಚೆ ಹೆಂಡತಿಯ ವಾಚನ್ನು ಹಡಗಿನ ಗೋಡೆ ಗಡಿಯಾರಕ್ಕೆ ಹೊಂದಿಸುವುದು, ದಿನಪತ್ರಿಕೆಯಂತೆ ಬರುವ ಹಡಗಿನ ಕಾರ್ಯಕ್ರಮ ಹಾಳೆಯ ಫೋಟೋ ತೆಗೆದಿಡುವುದು. ಬಂದರಿನ ಏಜೆಂಟರ ನಂಬರ್ ಅದರಲ್ಲೇ ಇರುತ್ತದೆ.

ಫೋನಿನ ಇನ್ನೊಂದು ಪೆಟ್ಟು ದುಡ್ಡಿನದು. ನಡುಸಮುದ್ರದಲ್ಲಿ ಹಡಗಿಗೇ ಒಂದು ಮೊಬೈಲ್ ಟವರ್ ಇರುತ್ತದೆ, ಅದರ ರೋಮಿಂಗ್ ದರ ಚಿನ್ನದ್ದು. ಮೊದಲ ಪ್ರವಾಸದಲ್ಲಿ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕದೆ ಮಲಗಿದ್ದಕ್ಕೆ 11,000 ರೂಪಾಯಿ ಬಿಲ್ ಕಟ್ಟಿದ್ದೇನೆ. ಟಿಪ್ಸ್ ಕೂಡ ಮೊದಲೇ ಲೆಕ್ಕದಲ್ಲಿಡಿ: ಅಮೆರಿಕದ ಕಂಪನಿಗಳ ಹಡಗುಗಳಲ್ಲಿ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ತನ್ನಷ್ಟಕ್ಕೆ ಖಾತೆಗೆ ಬೀಳುತ್ತದೆ. ಇಬ್ಬರಿಗೆ 7 ರಾತ್ರಿಗೆ 250 ಡಾಲರ್ ಹತ್ತಿರ. ಅದನ್ನು ತೆಗೆಸಿಹಾಕುವ ನಮ್ಮವರನ್ನೂ ನೋಡಿದ್ದೇನೆ. ಮೂಲ್ಕಿಯ ಹುಡುಗನನ್ನು ಕಂಡಮೇಲೆ ನನಗೆ ಆ ಕೆಲಸಕ್ಕೆ ಕೈ ಏಳುವುದಿಲ್ಲ. ಹಡಗಿನ ಡಾಕ್ಟರ ಬಿಲ್ಲೂ ಡಾಲರಿನಲ್ಲೇ, ವಿಮೆ ಇಲ್ಲದೆ ಹತ್ತುವುದು ಹುಚ್ಚುತನ.

ಬಾಲ್ಕನಿ ಇಲ್ಲದಿದ್ದರೆ ಹಿಮನದಿ ಕಾಣುವುದಿಲ್ಲ ಎಂದು ಮಾರುವವರು ಹೆದರಿಸುತ್ತಾರೆ. ಅಲಾಸ್ಕಾದ ಗ್ಲೇಸಿಯರ್ ಬೇ ರಾಷ್ಟ್ರೀಯ ಪಾರ್ಕಿನಲ್ಲಿ ನಮ್ಮ ಹಡಗು ಹಿಮದ ಗೋಡೆಯೆದುರು ನಿಂತು ಮೆಲ್ಲಗೆ ಒಂದು ಪೂರ್ತಿ ಸುತ್ತು ತಿರುಗಿತು, ಎರಡೂ ಬದಿಯವರಿಗೆ ಕಾಣಲೆಂದು. ಪಾರ್ಕಿನ ರೇಂಜರುಗಳು ದೋಣಿಯಲ್ಲಿ ಬಂದು ಹಡಗು ಹತ್ತಿ ಮೈಕಿನಲ್ಲಿ ವಿವರಿಸುತ್ತಿದ್ದರು. ನಾವು ಮೇಲಿನ ಬಯಲು ಮಹಡಿಯಲ್ಲಿ, ಹೆಂಡತಿ ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಮಗನ ಜಾಕೆಟ್. ಮನೆಯಷ್ಟು ದೊಡ್ಡ ನೀಲಿ ತುಂಡೊಂದು ಕಳಚಿ ಸದ್ದಿಲ್ಲದೆ ನೀರಿಗೆ ಬಿತ್ತು. ಬಿದ್ದು ಮುಗಿದ ಮೇಲೆ ಸದ್ದು ಬಂತು, ದೂರದ ಜಾತ್ರೆಯ ಗರ್ನಾಲಿನ ಹಾಗೆ. ಯಾರೂ ಮಾತಾಡಲಿಲ್ಲ.

ಕೊನೆಯ ರಾತ್ರಿ. ಪೆಟ್ಟಿಗೆಗೆ ಬಣ್ಣದ ಚೀಟಿ ಕಟ್ಟಿ 10-11 ಗಂಟೆಯೊಳಗೆ ಬಾಗಿಲ ಹೊರಗಿಡಬೇಕು, ಮರುದಿನ ಬೆಳಗ್ಗೆ ಅದು ದಡದಲ್ಲಿ ಸಿಗುತ್ತದೆ. ಮೊದಲ ಸಿಂಗಾಪುರ ಪ್ರವಾಸದಲ್ಲಿ ನಾನು ಬಲು ಶಿಸ್ತಿನಿಂದ ಎಲ್ಲವನ್ನೂ ತುಂಬಿಸಿ, ಬೀಗ ಹಾಕಿ, ಹೊರಗಿಟ್ಟು, ಪಂಚೆ ಉಟ್ಟು ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಒಂದು ಪ್ಯಾಂಟೂ ಉಳಿದಿಲ್ಲ. ಪಂಚೆ, ಬೂಟು, ಹಡಗಿನ ಹೆಸರು ಬರೆದ ಟೀ ಶರ್ಟು, ಇಷ್ಟರಲ್ಲೇ ಸಿಂಗಾಪುರದ ಇಮಿಗ್ರೇಷನ್ ದಾಟಿದೆ. ಅಧಿಕಾರಿ ನನ್ನನ್ನೂ ಪಾಸ್‌ಪೋರ್ಟಿನ ಫೋಟೋವನ್ನೂ ಎರಡೆರಡು ಸಲ ನೋಡಿ, ಅವನು ತಮಿಳನಿರಬೇಕು, "ವೇಷ್ಟಿ ನಲ್ಲಾ ಇರುಕ್ಕು" (ಪಂಚೆ ಚೆನ್ನಾಗಿದೆ) ಎಂದು ಠಸ್ಸೆ ಒತ್ತಿದ. ಅಲ್ಲಿಂದ ಈಚೆಗೆ ನನ್ನ ಹೆಗಲ ಚೀಲದ ತಳದಲ್ಲಿ ಒಂದು ಪ್ಯಾಂಟು ಕಾಯಂ.