ದಶಕಗಳ ದಾಂಪತ್ಯದ ನಂತರ ‘ನಾನು ಟ್ರಾನ್ಸ್‌ಜೆಂಡರ್’ ಎಂದರೆ: ಇಂಗ್ಲೆಂಡಿನ ಕಾನೂನು ಮತ್ತು ನಿಮ್ಮ ಮದುವೆ

ಇಂಗ್ಲೆಂಡ್ ಅಥವಾ ವೇಲ್ಸ್‌ನಲ್ಲಿ ನೆಲೆಸಿ, ಮಕ್ಕಳೆಲ್ಲ ದೊಡ್ಡವರಾದ ಮೇಲೆ ಈ ಮಾತು ಬಾಯಿಬಿಡುವವರಿಗೆ ಮೊದಲು ಕಾಡುವ ಭಯ ಒಂದೇ. ಮದುವೆ ತಾನಾಗೇ ರದ್ದಾಗುತ್ತಾ? ಇಲ್ಲ. ಹೇಳಿಕೊಂಡ ಮಾತ್ರಕ್ಕೆ ಇಲ್ಲಿನ ಕಾನೂನು ಮದುವೆಯನ್ನು ಮುಟ್ಟುವುದಿಲ್ಲ. ಹೆಸರು ಬದಲಿಸಿದರೂ ಅಷ್ಟೇ, ಹಾರ್ಮೋನ್ ತೆಗೆದುಕೊಂಡರೂ ಅಷ್ಟೇ. ಸಂಗಾತಿಯ ಸಹಿಯ ಪ್ರಶ್ನೆ ಬರುವುದು ಒಂದೇ ಕಡೆ. ಅದಕ್ಕೆ ಆಮೇಲೆ ಬರೋಣ.

ಚಿಕಿತ್ಸೆ ಬೇಕಿದ್ದರೆ ಶುರು ಜಿಪಿಯಿಂದ, ಅಂದರೆ ನೀವು ಹೆಸರು ನೋಂದಾಯಿಸಿರುವ ಡಾಕ್ಟರಿಂದ. ಫೋನ್ ಮಾಡಿದಾಗ ರಿಸೆಪ್ಷನ್‌ನವರು ಏನು ತೊಂದರೆ ಎಂದು ಕೇಳೇ ಕೇಳುತ್ತಾರೆ. ‘ಖಾಸಗಿ ವಿಷಯ, ಡಾಕ್ಟರ ಹತ್ತಿರವೇ ಹೇಳ್ತೀನಿ’ ಅಂದರೆ ಸಾಕು. ಇಂಗ್ಲಿಷ್ ಕಷ್ಟವಾದರೆ ಇಂಟರ್‌ಪ್ರಿಟರ್ ಕೇಳಿ, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ದಯವಿಟ್ಟು ಮಗಳನ್ನೋ ಹೆಂಡತಿಯನ್ನೋ ಆ ಕೆಲಸಕ್ಕೆ ಕೂರಿಸಬೇಡಿ. ಕ್ಲಿನಿಕ್ಕಿನ ಪತ್ರಗಳು ಮನೆಗೇ ಬರಬಹುದು. ಮನೆಯಲ್ಲಿ ಇನ್ನೂ ಹೇಳಿಲ್ಲವಾದರೆ ಅದನ್ನೂ ಮೊದಲೇ ತಿಳಿಸಿಡಿ. ಪೋಸ್ಟಿನಿಂದ ಗೊತ್ತಾಗುವುದಕ್ಕಿಂತ ನಿಮ್ಮ ಬಾಯಿಂದಲೇ ಗೊತ್ತಾಗುವುದು ಮೇಲು, ಅಲ್ವಾ? ಜಿಪಿ ಬರೆದುಕೊಟ್ಟ ಮೇಲೆ ಜೆಂಡರ್ ಕ್ಲಿನಿಕ್ಕಿನಲ್ಲಿ ಕಾಯುವುದು ವರ್ಷಗಟ್ಟಲೆ.

ಹೆಸರು ಬದಲಿಸುವುದು ಸುಲಭ. ಡೀಡ್ ಪೋಲ್ ಎಂಬ ಕಾಗದವನ್ನು ನೀವೇ ಬರೆದು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಬಹುದು. ಅದನ್ನು ಕೋರ್ಟಿನಲ್ಲಿ ದಾಖಲು ಮಾಡಿಸಿದರೆ ಹೆಸರು ಬದಲಾದ ಸುದ್ದಿ ಗೆಜೆಟ್‌ನಲ್ಲೂ ಬರುತ್ತದೆ. ಗುಟ್ಟಾಗಿರಲಿ ಎನ್ನುವವರು ಸುಮ್ನೆ ಆ ಗೋಜಿಗೆ ಹೋಗಬೇಡಿ. ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ ಡೀಡ್ ಪೋಲ್‌ನಿಂದ ಅದರ ಹೆಸರು ತಾನಾಗಿ ಬದಲಾಗುವುದಿಲ್ಲ. ಆ ಕೆಲಸ ಬೇರೆಯೇ.

ಈಗ ಸಹಿಯ ವಿಷಯ. ಲಿಂಗ ಬದಲಾವಣೆಗೆ ಪೂರ್ತಿ ಕಾನೂನು ಮಾನ್ಯತೆ ಕೊಡುವ ಜೆಂಡರ್ ರೆಕಗ್ನಿಷನ್ ಸರ್ಟಿಫಿಕೇಟ್ 2004ರ ಕಾಯ್ದೆಯಿಂದ ಬಂತು. ಸಾಮಾನ್ಯವಾಗಿ ಎರಡು ವೈದ್ಯಕೀಯ ವರದಿ, ಎರಡು ವರ್ಷ ಹೊಸ ಗುರುತಿನಲ್ಲಿ ಬದುಕಿದ್ದಕ್ಕೆ ಪುರಾವೆ, ಪ್ರಮಾಣ ಮಾಡಿ ಸಹಿ ಹಾಕಿದ ಒಂದು ಹೇಳಿಕೆ ಬೇಕು. ಆಪರೇಷನ್ ಆಗಿರಲೇಬೇಕು ಎಂದೇನಿಲ್ಲ. 140 ಪೌಂಡ್ ಇದ್ದ ಶುಲ್ಕವನ್ನು 2021ರಲ್ಲಿ 5 ಪೌಂಡಿಗೆ ಇಳಿಸಿದರು. 2014ರ ಡಿಸೆಂಬರ್‌ವರೆಗೆ ಇದಕ್ಕಾಗಿ ಮದುವೆಯನ್ನೇ ಮುಗಿಸಬೇಕಿತ್ತು. ಚೆನ್ನಾಗಿ ಬಾಳುತ್ತಿದ್ದವರೂ ಕಾಗದಕ್ಕಾಗಿ ಬೇರೆಯಾಗಬೇಕಿತ್ತು, ಎಂಥ ಕ್ರೂರ ನಿಯಮ! ಈಗ ಮದುವೆ ಮುಂದುವರಿಯಲಿ ಎಂದು ಸಂಗಾತಿ ಪ್ರಮಾಣ ಮಾಡಿ ಸಹಿ ಹಾಕಿದರೆ ಮದುವೆಗೆ ಏನೂ ಆಗುವುದಿಲ್ಲ. ಭಾರತದಲ್ಲಿ ಆದ ಮದುವೆಗೂ ಇಲ್ಲಿ ಇದೇ ಲೆಕ್ಕ.

ಸಹಿ ಸಿಗದಿದ್ದರೆ? ಮೊದಲು ತಾತ್ಕಾಲಿಕ ಸರ್ಟಿಫಿಕೇಟ್ ಕೊಡುತ್ತಾರೆ. ಅದು ಸಿಕ್ಕ ಆರು ತಿಂಗಳೊಳಗೆ ಇಬ್ಬರಲ್ಲಿ ಯಾರಾದರೂ ಮದುವೆ ರದ್ದು ಮಾಡಲು ಕೋರ್ಟಿಗೆ ಹೋಗಬಹುದು. ರದ್ದಾದ ಮೇಲೆ ಪೂರ್ಣ ಸರ್ಟಿಫಿಕೇಟ್. ಇದನ್ನು ಸಂಗಾತಿಯ ವೀಟೋ ಎಂದು ದೂರುವವರಿದ್ದಾರೆ. ಆದರೆ ಅರ್ಧ ಆಯಸ್ಸು ಜೊತೆಗೆ ಕಳೆದವರಿಗೂ ಯೋಚಿಸಲು ಸಮಯ ಬೇಡವೇ? ನನ್ನ ಮಟ್ಟಿಗೆ, ಅರ್ಜಿಗೆ ಅವಸರ ಬೇಡ. ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿ ಲಿಂಗ ಬದಲಿಸಲು ವೈದ್ಯರ ಪತ್ರ ಇದ್ದರೂ ನಡೆಯುತ್ತದೆ. ಕೆಲಸದಲ್ಲಿ ತಾರತಮ್ಯದಿಂದ 2010ರ ಸಮಾನತೆ ಕಾಯ್ದೆಯ ರಕ್ಷಣೆ ಪಡೆಯಲೂ ಈ ಸರ್ಟಿಫಿಕೇಟ್ ಬೇಕಿಲ್ಲ. ಆ ಕಾಯ್ದೆಯಲ್ಲಿ ಹೆಣ್ಣು, ಗಂಡು ಎಂದರೆ ಹುಟ್ಟಿನ ಲಿಂಗ ಎಂದು 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿದರೂ ಟ್ರಾನ್ಸ್ ಜನರಿಗಿರುವ ಈ ರಕ್ಷಣೆಯನ್ನು ತೆಗೆದಿಲ್ಲ.

ಊರಲ್ಲಿ ಆಸ್ತಿ ಇದ್ದರೆ ಅಲ್ಲಿನ ವಕೀಲರನ್ನೂ ಕೇಳಿ. ಸರ್ಟಿಫಿಕೇಟ್ ಸಿಕ್ಕ ಮೇಲೆ ಗಂಡ-ಹೆಂಡತಿಯ ಮದುವೆ ಕಾನೂನಿನ ಲೆಕ್ಕದಲ್ಲಿ ಸಲಿಂಗ ಮದುವೆಯಾಗುತ್ತದೆ. ಅಂಥ ಮದುವೆಗೆ ಮಾನ್ಯತೆ ಕೊಡಲು ಭಾರತದ ಸುಪ್ರೀಂ ಕೋರ್ಟ್ 2023ರಲ್ಲಿ ಒಪ್ಪಲಿಲ್ಲ. ಹಾಗಾಗಿ ಇಲ್ಲಿ ಊರ್ಜಿತವಾದ ಮದುವೆಗೆ ಅಲ್ಲಿ ತಕರಾರು ಬರಬಹುದು.

ಒಟ್ಟಿಗೆ ಬಾಳುವುದು ಆಗದು ಎಂದಾದರೆ, 2022ರ ಏಪ್ರಿಲ್‌ನಿಂದ ಇಲ್ಲಿ ಡೈವೋರ್ಸಿಗೆ ಯಾರ ಮೇಲೂ ತಪ್ಪು ಹೊರಿಸಬೇಕಿಲ್ಲ. ಇಬ್ಬರೂ ಕೂಡಿಯೇ ಅರ್ಜಿ ಹಾಕಬಹುದು. ಆದರೆ ಒಬ್ಬರು ಇನ್ನೊಬ್ಬರ ಡಿಪೆಂಡೆಂಟ್ ವೀಸಾದಲ್ಲಿದ್ದರೆ, ಬೇರೆಯಾದ ಮೇಲೆ ವೀಸಾ ಮೊಟಕಾಗಬಹುದು. ಬೇರೆ ಮನೆ ಹುಡುಕುವ ಮೊದಲೇ ವಲಸೆ ವಕೀಲರನ್ನು ಕಾಣಿ. ಇಬ್ಬರೂ ಒಬ್ಬರೇ ವಕೀಲರ ಹತ್ತಿರ ಹೋಗಬೇಡಿ, ಸಂಗಾತಿಗೆ ಅವರದೇ ವಕೀಲರು ಇರಲಿ.